ಲಾರಿ ರೇಡಿಯೇಟರ್‌ನಲ್ಲಿ ಕೆಂಪು ನೀರು ಬಂದರೆ ಆಸಿಡ್ ಹಾಕಬಹುದಾ?

ಹಳೇ ಲಾರಿ, ಮಂಗಳೂರು–ಬೆಂಗಳೂರು ಟ್ರಿಪ್, ಶಿರಾಡಿ ಘಾಟಿ ಹತ್ತುವಾಗ ಟೆಂಪರೇಚರ್ ಮುಳ್ಳು ಮೇಲೇರುತ್ತದೆ, ಮುಚ್ಚಳ ತೆಗೆದರೆ ಕೆಂಪು ನೀರು, ಕಕ್ಕಸು ತೊಳೆಯುವ ಆಸಿಡ್ ಹಾಕಿ ಕ್ಲೀನ್ ಮಾಡಬಹುದಾ ಅಂತ ಕೇಳಿದ್ದೀರಿ.

ಬೇಡ ಮಾರಾಯ್ರೆ. ಆ ಕೆಂಪು ಇಂಜಿನ್ ಒಳಗಿನ ತುಕ್ಕು. ಆ ಆಸಿಡ್ ತುಕ್ಕನ್ನು ತಿನ್ನುತ್ತದೆ ನಿಜ. ಜೊತೆಗೆ ಅಲ್ಯೂಮಿನಿಯಂ, ರೇಡಿಯೇಟರಿನ ಬೆಸುಗೆ ಎಲ್ಲವನ್ನೂ ತಿನ್ನುತ್ತದೆ.

ಬೈಕಂಪಾಡಿಯಲ್ಲಿ ನನ್ನ ಲಾರಿಗೂ ಇದೇ ಆಗಿತ್ತು. ಎರಡು ಸಲ ರೇಡಿಯೇಟರ್ ಮಾತ್ರ ತೊಳೆದೆ. ವಾರದೊಳಗೆ ಮತ್ತೆ ಕೆಂಪು. ಮೂರನೇ ಸಲ ಇಂಜಿನ್ ಬ್ಲಾಕಿನ ಡ್ರೈನ್ ಪ್ಲಗ್ ಬಿಚ್ಚಿದೆ. ಒಂದು ಹನಿ ನೀರೂ ಬರಲಿಲ್ಲ. ತಂತಿ ಹಾಕಿ ಕೆದಕಿದಾಗ ಮೊದಲು ಬುಳಕ್ ಅಂತ ಒಂದು ಮುದ್ದೆ, ಆಮೇಲೆ ಮಳೆಗಾಲದ ಗುಡ್ಡೆ ನೀರಿನ ಹಾಗೆ ಕೆಮ್ಮಣ್ಣು ಬಣ್ಣದ ರಾಡಿ. ಅಷ್ಟೂ ಬ್ಲಾಕಿನ ತಳದಲ್ಲಿ ಕೂತಿತ್ತು. ಹಾಗಾಗಿ ನೀವೂ ಮೊದಲು ಆ ಪ್ಲಗ್ ಬಿಚ್ಚಿ. ಇಂಜಿನ್ ಪೂರ್ತಿ ತಣಿದ ಮೇಲೆಯೇ. ಬಿಸಿ ಬ್ಲಾಕಿಗೆ ತಣ್ಣೀರು ಬಿದ್ದರೆ ಬಿರುಕು ಬಿಡಬಹುದು.

ರಾಡಿ ಹೋಗುವಷ್ಟು ಬರೀ ನೀರಿನಲ್ಲಿ ತೊಳೆಯಿರಿ. ಆಮೇಲೆ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಸಿಡ್. 20 ಲೀಟರ್ ಹಿಡಿಯುವ ಸಿಸ್ಟಂಗೆ ನಾನು 1 ಕಿಲೋ ಹಾಕಿದ್ದೆ, ಬಕೆಟ್ ನೀರಿನಲ್ಲಿ ಚೆನ್ನಾಗಿ ಕರಗಿಸಿ. ಇಂಜಿನ್ ಸ್ಟಾರ್ಟ್ ಮಾಡಿ, ಮೇಲಿನ ಹೋಸ್ ಬಿಸಿಯಾದರೆ ಥರ್ಮೋಸ್ಟಾಟ್ (ಇಂಜಿನ್ ಬಿಸಿಯಾದಾಗ ನೀರನ್ನು ರೇಡಿಯೇಟರಿಗೆ ಬಿಡುವ ವಾಲ್ವ್) ತೆರೆದಿದೆ ಅಂತ ಅರ್ಥ. ಅಲ್ಲಿಂದ ಅರ್ಧ ಗಂಟೆ ಓಡಿಸಿ, ಆಫ್ ಮಾಡಿ, ತಣಿದ ತಕ್ಷಣ ಖಾಲಿ ಮಾಡಿ. ರಾತ್ರಿಯಿಡೀ ಬಿಡಬೇಡಿ, ಇದೂ ಆಸಿಡ್ಡೇ.

ಈಗ ಥರ್ಮೋಸ್ಟಾಟ್ ತೆಗೆದು ಉಲ್ಟಾ ನೀರು ಹಾಯಿಸಿ. ರೇಡಿಯೇಟರಿನ ಕೆಳಗಿನ ಬಾಯಿಂದ ಬಿಟ್ಟು ಮೇಲಿನಿಂದ ಹೊರಗೆ. ಮನೆಯ ಪೈಪಿನ ರಭಸ ಸಾಕು, ಸರ್ವಿಸ್ ಸ್ಟೇಷನ್‌ನ ಪ್ರೆಶರ್ ಗನ್ ಇಟ್ಟರೆ ಕೋರ್, ಅಂದರೆ ರೇಡಿಯೇಟರಿನ ಒಳಗಿನ ತೆಳು ಕೊಳವೆಗಳು, ಒಡೆಯಬಹುದು. ಬ್ಲಾಕಿಗೂ ಹಾಗೇ. ಕೊನೆಯಲ್ಲಿ ಒಂದು ಹಿಡಿ ಅಡುಗೆ ಸೋಡಾ ಕರಗಿಸಿದ ನೀರು ಓಡಿಸಿ, ಮತ್ತೆ ಬರೀ ನೀರು. ಬಿಳಿ ಬಕೆಟಿನಲ್ಲಿ ಹಿಡಿದರೆ ತಳ ಕಾಣಬೇಕು.

ಥರ್ಮೋಸ್ಟಾಟ್ ಮರಳಿ ಹಾಕಿ. "ನಮ್ಮ ಸೆಕೆಗೆ ಅದು ಯಾಕೆ, ಕಿತ್ತು ಬಿಸಾಡಿ" ಅನ್ನುವವರು ಎಲ್ಲಾ ಗ್ಯಾರೇಜಿನಲ್ಲೂ ಇದ್ದಾರೆ. ಕೆಲವು ಇಂಜಿನ್‌ಗಳಲ್ಲಿ ಅದು ಇಲ್ಲದಿದ್ದರೆ ನೀರು ರೇಡಿಯೇಟರಿಗೆ ಸರಿಯಾಗಿ ಹೋಗದೆ ಬೈಪಾಸ್‌ನಲ್ಲೇ (ಇಂಜಿನ್ನಿಗೇ ಮರಳುವ ಅಡ್ಡದಾರಿಯಲ್ಲಿ) ಸುತ್ತುತ್ತದೆ, ಬಿಸಿ ಇನ್ನೂ ಜಾಸ್ತಿ ಆಗುತ್ತದೆ.

ಇಷ್ಟೆಲ್ಲಾ ಮಾಡಿ ಮತ್ತೆ ಬಾವಿ ನೀರು ತುಂಬಿಸಿದರೆ ಸುಮ್ನೆ ಕೆಲಸ ಹಾಳು. ನಮ್ಮ ಕರಾವಳಿಯ ಮುರಕಲ್ಲಿನ (ಕೆಂಪು ಜಂಬಿಟ್ಟಿಗೆ ಕಲ್ಲಿನ) ಬಾವಿಯ ನೀರು ಮೆದು, ಸ್ವಲ್ಪ ಹುಳಿ ಗುಣದ್ದು, ಕಬ್ಬಿಣಕ್ಕೆ ತುಕ್ಕು ಹಿಡಿಸುತ್ತದೆ. ಸಮುದ್ರದ ಹತ್ತಿರ ಆದರೆ ಉಪ್ಪೂ ಸೇರುತ್ತದೆ. ಘಟ್ಟದ ಮೇಲೆ ಢಾಬಾದಲ್ಲಿ ತುಂಬಿಸುವ ಬೋರ್‌ವೆಲ್ ನೀರು ಗಡಸು, ಅದು ಕಾದಾಗ ಬಿಳಿ ಪದರ ಕಟ್ಟುತ್ತದೆ. ನಿಮ್ಮ ಲಾರಿಗೆ ಎರಡೂ ಸಿಕ್ಕಿದೆ! ಕೂಲಂಟ್ ಮತ್ತು ಡಿಸ್ಟಿಲ್ಡ್ ವಾಟರ್ ಅರ್ಧರ್ಧ ಹಾಕಿ. ಕೂಲಂಟ್ ಹಿಮ ಬೀಳುವ ಊರಿಗೆ ಮಾತ್ರ ಅಂತ ನಾನೂ ಅಂದುಕೊಂಡಿದ್ದೆ. ತುಕ್ಕು ತಡೆಯುವುದೂ ಅದೇ, ನೀರು ಬೇಗ ಕುದಿಯದ ಹಾಗೆ ನೋಡಿಕೊಳ್ಳುವುದೂ ಅದೇ.

ಒಂದು ಕಹಿ ವಿಷಯ. ತುಕ್ಕೇ ಕೆಲವು ತೂತು ಮುಚ್ಚಿ ಹಿಡಿದಿರುತ್ತದೆ. ತೊಳೆದ ನಾಲ್ಕನೇ ದಿನ ನನ್ನ ವಾಟರ್ ಪಂಪ್ ಸೋರಲು ಶುರುವಾಯಿತು. ಆ ಖರ್ಚಿಗೂ ಕೈಯಲ್ಲಿ ಸ್ವಲ್ಪ ಇಟ್ಟುಕೊಳ್ಳಿ.

ತೊಳೆದ ಮೇಲೂ ಬಿಸಿಯಾದರೆ, ಇಂಜಿನ್ ತಣ್ಣಗಿರುವಾಗ ಮುಚ್ಚಳ ತೆಗೆದು ಸ್ಟಾರ್ಟ್ ಮಾಡಿ ನೋಡಿ. ಗುಳ್ಳೆ ನಿಲ್ಲದೆ ಬರುತ್ತಲೇ ಇದ್ದರೆ ಹೆಡ್ ಗ್ಯಾಸ್ಕೆಟ್ (ಬ್ಲಾಕ್ ಮತ್ತು ಅದರ ಮೇಲಿನ ಹೆಡ್ ನಡುವಿನ ಸೀಲ್) ಹೋಗಿರಬಹುದು. ಅದಕ್ಕೆ ಎಷ್ಟು ತೊಳೆದರೂ ಪ್ರಯೋಜನ ಇಲ್ಲ. ಇನ್ನು ಮುಂದೆ ಕೂಲಂಟ್ ಬದಲಿಸುವಾಗ ಹಳೆಯದನ್ನು ತೋಡಿಗೆ ಚೆಲ್ಲಬೇಡಿ. ಸಿಹಿ ಇರುತ್ತದೆ, ನಾಯಿಗಳು ನೆಕ್ಕಿ ಸಾಯುತ್ತವೆ.