ಹೊಸ ಕಂಬದ ಹಳೆಯ ಅರಮನೆ

ಪ್ರಶ್ನೆ: ಬೀಜಿಂಗಿನ ನಿಷೇಧಿತ ನಗರಿ ಎಂಬ ಚಕ್ರವರ್ತಿಗಳ ಅರಮನೆಗೆ 600 ವರ್ಷ ಎಂದು ಬರೆದಿದ್ದೀರಿ. ಅದರ ಮುಖ್ಯ ಸಭಾಭವನವೇ ಸುಟ್ಟುಹೋಗಿ, ಈಗಿರುವುದು 1695ರಲ್ಲಿ ಕಟ್ಟಲು ತೊಡಗಿದ್ದಂತೆ. ನಕಲಿಗೆ ಇಷ್ಟೊಂದು ಬೆಲೆ ಯಾಕೆ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಇಸವಿ ಸರಿಯಾಗಿಯೇ ಹಿಡಿದಿದ್ದೀರಿ, ಸಂತೋಷ. ಮಿಂಗ್ ವಂಶದ ಯೊಂಗ್ಲೆ ಚಕ್ರವರ್ತಿ 1420ರಲ್ಲಿ ಮುಗಿಸಿದ ಭವನಕ್ಕೆ ಮರುವರ್ಷವೇ ಸಿಡಿಲು ಬಡಿಯಿತು. 1557, 1597, 1679ರಲ್ಲಿ ಮತ್ತೆ ಮತ್ತೆ ಉರಿಯಿತು. ಮಿಂಗ್ ಕಾಲದ, ನಾನ್‌ಮು ಎಂಬ ಬೆಲೆಬಾಳುವ ಮರ ಹೋದದ್ದು ಹೋಯಿತು, ಒಪ್ಪುತ್ತೇನೆ. ಆದರೆ ‘ನಕಲು’ ಅಂದಿರಲ್ಲ, ಅದನ್ನು ಒಪ್ಪಲಾರೆ.

1695ರ ಕೆಲಸಕ್ಕೆ ಲಿಯಾಂಗ್ ಜಿಯು ಎಂಬ ಮುಖ್ಯ ಬಡಗಿ ಮೊದಲು ಹತ್ತನೇ ಒಂದು ಅಳತೆಯ ಮರದ ಮಾದರಿ ಮಾಡಿದ. ಅಷ್ಟು ದಪ್ಪದ ನಾನ್‌ಮು ಆಗ ಸಿಗುತ್ತಿರಲಿಲ್ಲ. ಪೈನ್ ತುಂಡುಗಳನ್ನು ಜೋಡಿಸಿ, ಕಬ್ಬಿಣದ ಪಟ್ಟಿ ಬಿಗಿದು ಸುಮಾರು ಒಂದು ಮೀಟರ್ ದಪ್ಪದ ಕಂಬ ಮಾಡಿದರು. ಭವನದಲ್ಲಿ ಒಟ್ಟು 72 ಕಂಬಗಳಿವೆ. ಕಾಡು ಬರಿದಾದ ಕಥೆ ಕೂತಿರುವುದು ಆ ಜೋಡಣೆಯಲ್ಲೇ. ಇದು ಚರಿತ್ರೆಯಲ್ಲದೆ ಇನ್ನೇನು?

ಕಣ್ಣಿಗೆ ಕಾಣುವ ಕೆಂಪು ಬಣ್ಣದ ಅಡಿಯಲ್ಲಿ ‘ಒಂದು ನಾರು, ಐದು ಲೇಪ’ ಎಂಬ ಪದರವಿದೆ. ಲೇಪ ಕಚ್ಚಿಕೊಳ್ಳಲೆಂದು ಮರವನ್ನು ಬಾಚಿಯಿಂದ ಕೊಚ್ಚಿ ಒರಟು ಮಾಡುತ್ತಾರೆ, ಬಿರುಕಿಗೆ ಮರದ ಚಕ್ಕೆ ತುರುಕುತ್ತಾರೆ. ಇಟ್ಟಿಗೆ ಪುಡಿಯನ್ನು ಹಂದಿಯ ರಕ್ತ, ತುಂಗ್ ಮರದ ಬೀಜದ ಎಣ್ಣೆ, ಹಿಟ್ಟು, ಸುಣ್ಣದ ನೀರಿನಲ್ಲಿ ಕಲಸಿ ಎರಡು ಸಲ ಬಳಿದು, ಮೇಲೆ ಸೆಣಬಿನ ನಾರು ಹಾಸುತ್ತಾರೆ. ಆಮೇಲೆ ಇನ್ನೂ ಮೂರು ಲೇಪ, ಒಂದಕ್ಕಿಂತ ಒಂದು ನುಣುಪು. ಹಿಂದಿನದು ಒಣಗುವ ಮೊದಲೇ ಮುಂದಿನದನ್ನು ಬಳಿದರೆ ಒಳಗೆ ಟೊಳ್ಳಾಗಿ ಸಿಪ್ಪೆಯಂತೆ ಏಳುತ್ತದೆ. ಹಸಿ ಮರಕ್ಕೆ ಬಳಿದರಂತೂ ಒಳಗಿನ ತೇವಕ್ಕೆ ಹೊರದಾರಿಯೇ ಇರುವುದಿಲ್ಲ; ಹೊರಗೆ ಹೊಳಪು, ಒಳಗೆ ಕೊಳೆ. 300 ವರ್ಷದ ಕಂಬಕ್ಕೆ ಇದನ್ನು ಮತ್ತೆ ಮತ್ತೆ ಮಾಡಲೇಬೇಕು. ಮಾಡಬಲ್ಲ ಕೈಗಳು ಉಳಿದಿರುವುದಕ್ಕೇ ನಾನು ಹೆಚ್ಚು ಬೆಲೆ ಕಟ್ಟುತ್ತೇನೆ.

ನಮ್ಮ ಪ್ರವಾಸ ಲೇಖನಗಳಲ್ಲಿ ಈ ಕೈಗಳಿಗೆ ಒಂದು ಸಾಲೂ ಇಲ್ಲ. ಅಲ್ಲಿ ಸಿಗುವುದು ‘9,999ರ ಮೇಲೆ ಅರ್ಧ ಕೋಣೆ’ಗಳ ದಂತಕಥೆಯೇ. ಎಣಿಸಿದಾಗ ಸಿಕ್ಕಿದ್ದು ಸುಮಾರು 8,700. ಅದೂ ಕೋಣೆಯ ಲೆಕ್ಕವಲ್ಲ. ಚೀನೀ ಭಾಷೆಯ ‘ಜಿಯೆನ್’ ಎಂದರೆ ನಾಲ್ಕು ಕಂಬಗಳ ನಡುವಿನ ಜಾಗ. ಕನ್ನಡದಲ್ಲಿ ಅದಕ್ಕೆ ‘ಅಂಕಣ’ ಎಂಬ ಅಚ್ಚುಕಟ್ಟಾದ ಮಾತೇ ಇದೆ. ಹಳೆಯ ಮನೆಗಳನ್ನು ಅಂಕಣದಲ್ಲೇ ಅಳೆಯುತ್ತಿದ್ದ ನಾವು ಇಂಗ್ಲಿಷಿನ ‘ರೂಮ್’ ನೋಡಿ ‘ಕೋಣೆ’ ಎಂದು ಬರೆದುಕೊಂಡು ಕೂತಿದ್ದೇವೆ. ನೋವಾಗುತ್ತದೆ.

ನೀವು ಅಲ್ಲಿಗೆ ಹೋದರೆ ಗೋಡೆಯ ಬುಡ ನೋಡಿ. ಹೂಬಳ್ಳಿ ಕೆತ್ತಿದ, ತೂತುಗಳಿರುವ ಇಟ್ಟಿಗೆಗಳು ಸಿಗುತ್ತವೆ. ಅಲಂಕಾರ ಎಂದು ಮುಂದೆ ಹೋಗಬೇಡಿ. ಗೋಡೆಯೊಳಗೆ ಹುದುಗಿದ ಕಂಬಕ್ಕೆ ಗಾಳಿ ಹೋಗುವುದು ಆ ತೂತುಗಳಿಂದ. ಅವು ಮುಚ್ಚಿಹೋದರೆ ಕಂಬದ ಬುಡ ಕೊಳೆಯುತ್ತದೆ. ಆಗ ಕೊಳೆತಷ್ಟನ್ನೇ ಕತ್ತರಿಸಿ ತೆಗೆದು, ಅದೇ ಅಳತೆಯ ಹೊಸ ತುಂಡನ್ನು ಅರ್ಧಕ್ಕರ್ಧ ಕಚ್ಚಿಸಿ ಕೂರಿಸುತ್ತಾರೆ. ಮೇಲಿನ ಹಳೆಯ ಮರ ಹಾಗೇ ಉಳಿಯುತ್ತದೆ.