ಟಾರ್ಕ್ ಒಂದೇ, ಓಟ ಯಾಕೆ ಬೇರೆ?

ಸೆಕೆಂಡ್ ಹ್ಯಾಂಡ್ ಡೀಸೆಲ್ ಸ್ಪೋರ್ಟ್ಸ್ ಸೆಡಾನ್ ಕೊಳ್ಳುವುದೋ, ಟರ್ಬೊ ಪೆಟ್ರೋಲಿಗೆ ಹೋಗುವುದೋ ಎಂದು ಕೇಳಿ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ.

ಬಿಎಂಡಬ್ಲ್ಯು 320ಡಿ, 330ಐ ಎರಡಕ್ಕೂ 400 ಎನ್‌ಎಂ ಟಾರ್ಕ್ ಅಂತಾರೆ. ಸಿಟಿಯೊಳಗೆ ಓಡಿಸಿ ನೋಡಿದಾಗ ಎರಡೂ ಹೆಚ್ಚುಕಮ್ಮಿ ಒಂದೇ ಥರ ಅನ್ನಿಸಿತು. ಆದರೂ 330ಐ ಅಷ್ಟು ಫಾಸ್ಟ್ ಅನ್ನುವುದು ಹೇಗೆ? — ರಾಜಾಜಿನಗರ, ಬೆಂಗಳೂರು

ಟಾರ್ಕ್, ಅಂದರೆ ಇಂಜಿನ್ ತಿರುಚುವ ಬಲ, ಎರಡಕ್ಕೂ 400 ಎನ್‌ಎಂ (ನ್ಯೂಟನ್ ಮೀಟರ್) ಎನ್ನುವುದು ನಿಜ. ಆ 400 ಎಷ್ಟು ಹೊತ್ತು ನಿಲ್ಲುತ್ತದೆ ಎನ್ನುವುದು ಬ್ರೋಷರಿನ ಸಣ್ಣ ಅಕ್ಷರದಲ್ಲಿರುತ್ತದೆ. ಜಿ20 ಎಂಬ ತಲೆಮಾರಿನ ಡೀಸೆಲ್ 320ಡಿಯಲ್ಲಿ ಅದು 1,750ರಿಂದ 2,500 ಆರ್‌ಪಿಎಂವರೆಗೆ (ಇಂಜಿನ್ ನಿಮಿಷಕ್ಕೆ ತಿರುಗುವ ಸುತ್ತು) ಮಾತ್ರ. ಪೆಟ್ರೋಲ್ 330ಐಯಲ್ಲಿ 1,550ಕ್ಕೇ ಶುರುವಾಗಿ 4,400ರವರೆಗೂ ಹಾಗೇ ಇರುತ್ತದೆ.

ಲೆಕ್ಕ ಹಾಕಿ ನೋಡಿ. ಟಾರ್ಕನ್ನು ಆರ್‌ಪಿಎಂನಿಂದ ಗುಣಿಸಿ 9,549ರಿಂದ ಭಾಗಿಸಿದರೆ ಕಿಲೋವ್ಯಾಟ್ ಸಿಗುತ್ತದೆ, ಅದನ್ನು 1.36ರಿಂದ ಗುಣಿಸಿದರೆ ಪಿಎಸ್, ಅಂದರೆ ಅಶ್ವಶಕ್ತಿ. 2,500 ಆರ್‌ಪಿಎಂನಲ್ಲಿ ಎರಡೂ ಇಂಜಿನ್ ಕೊಡುವುದು ಸುಮಾರು 142 ಪಿಎಸ್, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. 4,000ಕ್ಕೆ ಬನ್ನಿ: ಡೀಸೆಲ್ ತನ್ನ ತುತ್ತತುದಿ 190ರಲ್ಲಿರುತ್ತದೆ, ಪೆಟ್ರೋಲ್ ಸುಮಾರು 228ರಲ್ಲಿರುತ್ತದೆ. ಅಲ್ಲಿಂದಾಚೆ ಡೀಸೆಲ್‌ಗೆ ಗೇರ್ ಏರಿಸುವುದು ಬಿಟ್ಟು ಬೇರೆ ದಾರಿಯಿಲ್ಲ. ಪೆಟ್ರೋಲ್ ಅದೇ ಗೇರಿನಲ್ಲಿ 258 ಪಿಎಸ್ ಮುಟ್ಟಿ 6,500ರವರೆಗೂ ಅದನ್ನು ಹಿಡಿದುಕೊಂಡಿರುತ್ತದೆ. ನಿಂತಲ್ಲಿಂದ 100 ಕಿ.ಮೀ. ವೇಗಕ್ಕೆ 320ಡಿಗೆ 6.8 ಸೆಕೆಂಡ್, 330ಐಗೆ 5.8 ಎಂದು ಕಂಪನಿ ಹೇಳುವ ಆ ಒಂದು ಸೆಕೆಂಡ್ ಬರುವುದು 2,500ರ ಮೇಲಿನ ಈ ಭಾಗದಿಂದ.

ಬೆಂಗಳೂರು ಟ್ರಾಫಿಕ್‌ನಲ್ಲಿ ಆರ್‌ಪಿಎಂ ಮುಳ್ಳು 2,500 ದಾಟುವುದೇ ಅಪರೂಪ. ಹಾಗಾಗಿ ನಿಮಗೆ ಎರಡೂ ಒಂದೇ ಅನ್ನಿಸಿದ್ದರಲ್ಲಿ ತಪ್ಪಿಲ್ಲ. ಎಷ್ಟೋ ಜನರಿಗೆ ಡೀಸೆಲ್ಲೇ ಚುರುಕು ಅನ್ನಿಸುವುದೂ ಉಂಟು. ಕಾಲು ಸ್ವಲ್ಪ ಒತ್ತಿದರೆ ಸಾಕು, ಟರ್ಬೊ (ಹೊಗೆಯ ಬಲದಿಂದ ಇಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಪಂಪ್) ಎದ್ದು ಬೆನ್ನನ್ನು ಸೀಟಿಗೆ ಒತ್ತುತ್ತದೆ. ಆ ಎಳೆತ ಒಮ್ಮೆಲೇ ಬಂದು ಬೇಗ ಮುಗಿಯುತ್ತದೆ, ಅದಕ್ಕೇ ದೊಡ್ಡದಾಗಿ ಕಾಣುತ್ತದೆ. ಪೆಟ್ರೋಲಿನದು ಏರುತ್ತಲೇ ಹೋಗುವ ಎಳೆತ, ಬೆನ್ನಿಗೆ ಅಷ್ಟು ಗೊತ್ತಾಗುವುದಿಲ್ಲ, ಸ್ಪೀಡೋಮೀಟರ್ ನೋಡಿದಾಗ ಗೊತ್ತಾಗುತ್ತದೆ.

ಡೀಸೆಲ್ ಯಾಕೆ 4,500ರ ಆಸುಪಾಸಿನಲ್ಲಿ ಉಸಿರು ಬಿಡುತ್ತದೆ ಅಂದರೆ, ಅಲ್ಲಿ ಇಂಧನ ಸಿಲಿಂಡರಿಗೆ ಬರುವುದೇ ಗಾಳಿ ಒತ್ತಿ ಬಿಸಿಯಾದ ಮೇಲೆ. ಬಂದು, ಗಾಳಿಯಲ್ಲಿ ಬೆರೆತು, ಉರಿಯಬೇಕು. ಇಂಜಿನ್ ಜೋರಾದಷ್ಟೂ ಅದಕ್ಕೆ ಸಮಯ ಸಾಲುವುದಿಲ್ಲ. ಹೆಚ್ಚಿನ ಒತ್ತಡ ತಡೆಯಲು ಪಿಸ್ಟನ್, ರಾಡ್ ಎಲ್ಲವೂ ತೂಕದವು. ಅವನ್ನು ನಿಮಿಷಕ್ಕೆ 6,500 ಸುತ್ತು ಓಡಿಸುವುದು ಸುಲಭವಲ್ಲ.

ವಾರಕ್ಕೊಮ್ಮೆ ಸಕಲೇಶಪುರದಿಂದ ಮಂಗಳೂರಿಗೆ ಹೋಗಿಬರುತ್ತೇನೆ. ಹಳೇ ಸ್ಕೋಡಾ ಆಕ್ಟೇವಿಯಾ ನೋಡುತ್ತಿದ್ದೇನೆ. 2.0 ಟಿಡಿಐ ಒಳ್ಳೆಯದೋ, 1.8 ಟಿಎಸ್‌ಐ ಒಳ್ಳೆಯದೋ? ಶಿರಾಡಿಯಲ್ಲಿ ಲಾರಿ ಓವರ್‌ಟೇಕ್ ಮಾಡುವುದೇ ನನಗೆ ಮುಖ್ಯ. — ಹಾಸನ ಜಿಲ್ಲೆ

ನಿಮ್ಮ ರಸ್ತೆಗೆ ಟಿಡಿಐ, ಅಂದರೆ ಡೀಸೆಲ್. ಕಾರಣ ಇಷ್ಟು: 2013ರ ನಂತರದ ಆಕ್ಟೇವಿಯಾ ಟಿಡಿಐಗೆ 143 ಪಿಎಸ್, 1,750ರಿಂದ 3,000ದವರೆಗೆ 320 ಎನ್‌ಎಂ. ಪೆಟ್ರೋಲಿನ 1.8 ಟಿಎಸ್‌ಐಗೆ 180 ಪಿಎಸ್, ಟಾರ್ಕ್ 250 ಮಾತ್ರ, ಆದರೆ 1,250ರಿಂದ 5,000ದವರೆಗೆ. ಲಾರಿಯ ಹಿಂದೆ 2,000 ಆರ್‌ಪಿಎಂನಲ್ಲಿ ತೆವಳುತ್ತಿರುವಾಗ ಡೀಸೆಲ್ ಕೈಯಲ್ಲಿ 91 ಪಿಎಸ್ ಸಿದ್ಧವಾಗಿರುತ್ತದೆ, ಪೆಟ್ರೋಲ್ ಕೈಯಲ್ಲಿ 71. ಪೆಟ್ರೋಲಿನಲ್ಲಿ ಎರಡು ಗೇರ್ ಇಳಿಸಿ ಇಂಜಿನ್ ಕೂಗಿಸಿದರೆ ಅದೇ ಮುಂದೆ ಹೋಗುತ್ತದೆ, ಅದರಲ್ಲಿ ಅನುಮಾನವಿಲ್ಲ. ಆದರೆ ಮಳೆಗಾಲದ ಮಂಜಿನಲ್ಲಿ, ಎದುರಿನ ತಿರುವು ಕಾಣದಿರುವಾಗ, ಗೇರ್ ಬೀಳುವವರೆಗೆ ಕಾಯುವ ಅರ್ಧ ಸೆಕೆಂಡೂ ದೊಡ್ಡದು.

ಟಿಡಿಐಯನ್ನು ಓಡಿಸುವ ರೀತಿಯೇ ಬೇರೆ. ಲಾರಿಯಿಂದ ಹೊರಗೆ ತಿರುಗಿಸುವ ಮೊದಲೇ ಡಿಎಸ್‌ಜಿಯನ್ನು (ಎರಡು ಕ್ಲಚ್‌ನ ಆಟೋಮ್ಯಾಟಿಕ್ ಗೇರ್‌ಬಾಕ್ಸ್) ಮ್ಯಾನುವಲ್‌ಗೆ ಹಾಕಿ, ಮುಳ್ಳು 2,000ದ ಮೇಲಿರುವ ಗೇರ್ ಹಿಡಿಯಿರಿ. 1,400ರಲ್ಲಿ ಒತ್ತಿದರೆ ಟರ್ಬೊ ಎದ್ದಿರುವುದಿಲ್ಲ, ಕಾರು ಲಾರಿಯ ಪಕ್ಕಕ್ಕೆ ಬಂದು ಅಲ್ಲೇ ತೂಗಾಡುತ್ತದೆ. ಅಪಘಾತಕ್ಕೆ ಇದಕ್ಕಿಂತ ಕೆಟ್ಟ ಜಾಗವಿಲ್ಲ. 3,500 ಮುಟ್ಟಿದೊಡನೆ ಮುಂದಿನ ಗೇರ್. 3,000ದಲ್ಲೇ 137 ಪಿಎಸ್ ಬಂದಾಗಿದೆ, 4,000ದವರೆಗೆ ಎಳೆದರೂ ಹೆಚ್ಚುವುದು ಬರೀ 6. ಪೆಟ್ರೋಲ್ ಕಾರಿನಿಂದ ಬಂದವರು ಇಲ್ಲೇ ಎಡವುವುದು: ಇಂಜಿನ್ ಗದ್ದಲ ಹೆಚ್ಚಾದರೆ ಎಳೆತವೂ ಹೆಚ್ಚುತ್ತದೆ ಎಂದುಕೊಂಡು ಕಾಲು ಒತ್ತಿ ಹಿಡಿದಿರುತ್ತಾರೆ.

ಇಳಿಯುವಾಗ ಇನ್ನೊಂದು ವಿಷಯ. ಡೀಸೆಲ್ ಅಂದರೆ ಇಂಜಿನ್ ಬ್ರೇಕ್ ಜಾಸ್ತಿ ಎಂಬ ನಂಬಿಕೆ ಇದೆ, ಅದು ತಲೆಕೆಳಗು. ಪೆಟ್ರೋಲ್ ಇಂಜಿನ್ನಿನಲ್ಲಿ ಕಾಲು ತೆಗೆದರೆ ಥ್ರಾಟಲ್ (ಗಾಳಿ ಒಳಬಿಡುವ ಬಾಗಿಲು) ಮುಚ್ಚಿ, ಗಾಳಿ ಎಳೆಯಲು ಪಿಸ್ಟನ್ ಒದ್ದಾಡುತ್ತದೆ. ಆ ಒದ್ದಾಟವೇ ಬ್ರೇಕ್. ಡೀಸೆಲ್‌ನಲ್ಲಿ ವೇಗ ಹಿಡಿತಕ್ಕೆ ಗಾಳಿಯನ್ನು ತಡೆಯುವುದಿಲ್ಲ, ಇಂಧನವನ್ನು ಮಾತ್ರ ಕಡಿಮೆ ಮಾಡುತ್ತದೆ. ಒತ್ತಿದ ಗಾಳಿ ಸ್ಪ್ರಿಂಗಿನಂತೆ ಪಿಸ್ಟನ್ನನ್ನು ವಾಪಸ್ ತಳ್ಳಿಬಿಡುತ್ತದೆ. ಮೇಲಾಗಿ ಡೀಸೆಲ್ ಕಾರಿನ ಗೇರ್‌ಗಳು ಉದ್ದ, ಅಂದರೆ ಅದೇ ವೇಗಕ್ಕೆ ಇಂಜಿನ್ ಕಡಿಮೆ ಸುತ್ತುತ್ತದೆ. ಅದಕ್ಕೇ ಇಳಿಜಾರಿನಲ್ಲಿ ನೀವಂದುಕೊಂಡದ್ದಕ್ಕಿಂತ ಒಂದು ಗೇರ್ ಕೆಳಗೆ, ಮುಳ್ಳು 3,000 ಸುತ್ತ ಇರುವಂತೆ ಇಳಿಸಿ. ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇರಬೇಡಿ, ಒಮ್ಮೆ ಗಟ್ಟಿಯಾಗಿ ಒತ್ತಿ, ಕಾಲು ತೆಗೆಯಿರಿ. ಪೆಡಲ್ ಮೆತ್ತಗಾಗಿ ಕೆಳಗೆ ಹೋದರೆ ಬ್ರೇಕ್ ಆಯಿಲ್ ಕುದಿಯುತ್ತಿದೆ ಎಂದರ್ಥ. ಪೆಡಲ್ ಗಟ್ಟಿಯಿದ್ದೂ ಕಾರು ನಿಲ್ಲದಿದ್ದರೆ ಪ್ಯಾಡ್ ಸುಟ್ಟಿವೆ. ಡಾಟ್ 4 ಆಯಿಲ್ ಹೊಸದರಲ್ಲಿ ಕನಿಷ್ಠ 230 ಡಿಗ್ರಿಯವರೆಗೆ ತಡೆಯುತ್ತದೆ, ನೀರಿನಂಶ ಹೀರಿದ ಮೇಲೆ ಅದು 155ರವರೆಗೂ ಇಳಿಯಬಹುದು. ಎರಡು ವರ್ಷಕ್ಕೊಮ್ಮೆ ಬದಲಿಸಿ, ಘಾಟಿಯವರು ಮಳೆಗಾಲ ಮುಗಿದ ಮೇಲೆ ಬದಲಿಸುವುದು ಲೇಸು.

ಸೆಕೆಂಡ್ ಹ್ಯಾಂಡ್ ಡೀಸೆಲ್ ಸೆಡಾನ್ ನೋಡಲು ಹೋದಾಗ ಅರ್ಧ ಗಂಟೆಯಲ್ಲಿ ಏನೇನು ನೋಡಬಹುದು? — ದಾವಣಗೆರೆ

ಮೊದಲ ಮಾತು, ನೀವು ಬರುವ ಮುಂಚೆ ಇಂಜಿನ್ ಸ್ಟಾರ್ಟ್ ಮಾಡಬೇಡಿ ಎಂದು ಫೋನಿನಲ್ಲೇ ಹೇಳಿ. ಹೋದ ಕೂಡಲೇ ಬಾನೆಟ್ ಮೇಲೆ ಕೈಯಿಡಿ. ಬಿಸಿಯಿದ್ದರೆ ಅನುಮಾನಕ್ಕೆ ಜಾಗವಿದೆ, ನಾಳೆ ಬರುತ್ತೇನೆ ಎಂದು ಹೇಳಿ ಹೊರಡಿ.

ತಣ್ಣಗಿದ್ದರೆ ಬಾನೆಟ್ ತೆರೆದು, ಒಬ್ಬರು ಸ್ಟಾರ್ಟ್ ಮಾಡಲಿ, ನೀವು ಪಕ್ಕದಲ್ಲಿ ನಿಂತು ಕೇಳಿ. 320ಡಿಯ ಎನ್47 ಇಂಜಿನ್ ಆದರೆ, ಅದರಲ್ಲೂ 2007ರಿಂದ 2011ರ ನಡುವಿನದಾದರೆ, ಕಿವಿಯನ್ನು ಇಂಜಿನ್ನಿನ ಹಿಂಭಾಗಕ್ಕೆ, ಡ್ಯಾಶ್‌ಬೋರ್ಡ್ ಕಡೆಗೆ ಕೊಡಿ. ಆ ಇಂಜಿನ್ನಿನ ಟೈಮಿಂಗ್ ಚೈನ್ ಇರುವುದು ಗೇರ್‌ಬಾಕ್ಸ್ ಬದಿಯಲ್ಲಿ. ಸರಪಳಿ ಎಳೆದಂತೆ ಕರಕರ ಶಬ್ದ ಬಂದರೆ ಚೈನ್ ಸಡಿಲವಾಗಿದೆ. ಬದಲಿಸಲು ಇಂಜಿನ್ ಅಥವಾ ಗೇರ್‌ಬಾಕ್ಸ್ ಕೆಳಗಿಳಿಸಬೇಕು. ಹಾಗೇ ಬಿಟ್ಟರೆ ಚೈನ್ ಹರಿದು ಪಿಸ್ಟನ್ನಿಗೂ ವಾಲ್ವಿಗೂ ಡಿಕ್ಕಿ. ಮಾಮೂಲಿ ಡೀಸೆಲ್ ಟಕಟಕ ಎಲ್ಲ ಕಡೆಯಿಂದ ಬರುತ್ತದೆ, ಇದು ಒಂದೇ ಮೂಲೆಯಿಂದ.

ರಸ್ತೆಯಲ್ಲಿ ನಾಲ್ಕನೇ ಗೇರಿನಲ್ಲಿ 1,300 ಆರ್‌ಪಿಎಂಗೆ ಇಳಿಸಿ ಪೂರ್ತಿ ಒತ್ತಿ. 1,800ರ ಆಸುಪಾಸಿನಲ್ಲಿ ಎಳೆತ ಮೆಲ್ಲಗೆ ತುಂಬಿಕೊಳ್ಳಬೇಕು. ಅಲ್ಲಿ ಖಾಲಿಯಿದ್ದು 2,500ಕ್ಕೆ ಒಮ್ಮೆಲೇ ಎದ್ದರೆ ಟರ್ಬೊದ ವೇನ್‌ಗಳು (ಒಳಗಿನ ಸಣ್ಣ ರೆಕ್ಕೆಗಳು) ಮಸಿ ಕಟ್ಟಿ ಅಂಟಿರಬಹುದು, ಇಲ್ಲವೇ ಟರ್ಬೊ ಗಾಳಿಯನ್ನು ತಣಿಸುವ ಇಂಟರ್‌ಕೂಲರ್‌ನ ಪೈಪ್ ಬಿರುಕು ಬಿಟ್ಟು ಗಾಳಿ ಸೋರುತ್ತಿರಬಹುದು. ಕನ್ನಡಿಯಲ್ಲಿ ಕಪ್ಪು ಹೊಗೆಯೂ ಕಂಡರೆ ಸೋರಿಕೆಯ ಸಾಧ್ಯತೆ ಹೆಚ್ಚು.

ಡಿಎಸ್‌ಜಿ ಕಾರಾದರೆ ಜನಸಂದಣಿಯಲ್ಲಿ ಹತ್ತು ನಿಮಿಷ ಒಂದು-ಎರಡನೇ ಗೇರಿನಲ್ಲೇ ತೆವಳಿಸಿ, ಏರಿನಲ್ಲಿ ರಿವರ್ಸ್ ತೆಗೆಯಿರಿ. ಕಾರು ನಡುಗಿದರೆ ಕ್ಲಚ್ ಮೇಲೆ ಅನುಮಾನ ಪಡಿ. ಟಿಡಿಐಯ ಆರು ಗೇರಿನ ಡಿಎಸ್‌ಜಿಯಲ್ಲಿ ಕ್ಲಚ್ ಆಯಿಲ್‌ನಲ್ಲಿ ಮುಳುಗಿರುತ್ತದೆ. ಆ ಆಯಿಲ್ 60,000 ಕಿ.ಮೀ.ಗೊಮ್ಮೆ ಬದಲಿಸಿದ ಬಿಲ್ ಇರಲೇಬೇಕು. ಬಿಲ್ ಇಲ್ಲವೆಂದರೆ ಬೆಲೆ ಇಳಿಸಿ ಕೇಳಿ, ನಾಚಿಕೆ ಬೇಡ. ಕೊನೆಗೆ ಸ್ಕ್ಯಾನರ್ ಹಾಕಿಸಿ ಇಂಧನ ಚಿಮ್ಮಿಸುವ ನಾಲ್ಕೂ ಇಂಜೆಕ್ಟರುಗಳ ಕರೆಕ್ಷನ್ ಅಂಕಿ, ಅಂದರೆ ಪ್ರತಿಯೊಂದರ ಇಂಧನಕ್ಕೆ ಕಾರಿನ ಕಂಪ್ಯೂಟರ್ ಮಾಡುತ್ತಿರುವ ತಿದ್ದುಪಡಿ, ನೋಡಿ. ಮೂರು ಹತ್ತಿರ ಹತ್ತಿರವಿದ್ದು ಒಂದು ಮಾತ್ರ ದೂರ ನಿಂತಿದ್ದರೆ ಆ ಇಂಜೆಕ್ಟರಿನ ಖರ್ಚು ನಿಮ್ಮ ತಲೆಗೆ.

ದಿನಕ್ಕೆ 14 ಕಿ.ಮೀ., ಅದೂ ಜಯನಗರದಿಂದ ಎಂ.ಜಿ. ರಸ್ತೆಗೆ. ನನ್ನ ಬಿಎಸ್6 ಡೀಸೆಲ್ ಸೆಡಾನಿನಲ್ಲಿ ಡಿಪಿಎಫ್ ಲೈಟ್ ಹತ್ತುತ್ತಿದೆ. ಕಾರು ಕೆಟ್ಟಿದೆಯೇ? — ಬೆಂಗಳೂರು

ಕಾರು ಕೆಟ್ಟಿಲ್ಲ, ನಿಮ್ಮ ದಾರಿಗೆ ಅದು ಸರಿಯಾದ ಕಾರಲ್ಲ. ಹೊಗೆಯ ಮಸಿಯನ್ನು ಡಿಪಿಎಫ್ ಎಂಬ ಫಿಲ್ಟರ್ ಹಿಡಿದಿಟ್ಟುಕೊಳ್ಳುತ್ತದೆ. ತುಂಬಿದಾಗ ಇಂಜಿನ್ ಹೆಚ್ಚುವರಿ ಡೀಸೆಲ್ ಚಿಮ್ಮಿಸಿ ಫಿಲ್ಟರನ್ನು ಸುಮಾರು 600 ಡಿಗ್ರಿಗೆ ಕಾಯಿಸಿ ಮಸಿ ಸುಡುತ್ತದೆ. ಅದಕ್ಕೆ ಬಿಸಿ ಇಂಜಿನ್ನೂ ಹದಿನೈದಿಪ್ಪತ್ತು ನಿಮಿಷ ನಿಲ್ಲದ ಓಟವೂ ಬೇಕು. ನಿಮ್ಮ ಕಾರು ಸುಡಲು ಶುರುಮಾಡುವ ಹೊತ್ತಿಗೆ ನೀವು ಆಫೀಸು ತಲುಪಿ ಆಫ್ ಮಾಡಿರುತ್ತೀರಿ.

ಲೈಟ್ ಸುಮ್ಮನೆ ಉರಿಯುತ್ತಿದ್ದರೆ, ಟ್ಯಾಂಕಿನಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಡೀಸೆಲ್ ಇರಿಸಿಕೊಂಡು (ಕಡಿಮೆಯಿದ್ದರೆ ಅನೇಕ ಕಾರುಗಳು ಸುಡುವ ಕೆಲಸಕ್ಕೇ ಇಳಿಯುವುದಿಲ್ಲ) ನೈಸ್ ರಸ್ತೆಗೆ ಹೋಗಿ 60ರ ಮೇಲಿನ ವೇಗದಲ್ಲಿ, ಮುಳ್ಳು 2,000ದ ಮೇಲಿರುವಂತೆ ಅರ್ಧ ಗಂಟೆ ಓಡಿಸಿ. ನಿಲ್ಲಿಸಿದ ಮೇಲೂ ಫ್ಯಾನ್ ತಿರುಗುವುದು, ಐಡ್ಲಿಂಗ್ ತುಸು ಏರುವುದು, ಮೈಲೇಜ್ ಅಂಕಿ ದಿಢೀರ್ ಬೀಳುವುದು ಇವೆಲ್ಲ ಮಸಿ ಸುಡುತ್ತಿರುವ ಗುರುತು. ಆಗ ಆಫ್ ಮಾಡಬೇಡಿ. ಲೈಟ್ ಮಿಣುಕುತ್ತಿದ್ದರೆ ಅಥವಾ ಕಾರು ಎಳೆತ ಕಳೆದುಕೊಂಡಿದ್ದರೆ ಇದು ಬೇಡ, ನೇರ ವರ್ಕ್‌ಶಾಪ್.

ಅರ್ಧಕ್ಕೇ ನಿಂತ ಪ್ರತಿ ಸುಡುವಿಕೆಯಲ್ಲೂ ಒಂದಿಷ್ಟು ಡೀಸೆಲ್ ಇಂಜಿನ್ ಆಯಿಲ್‌ಗೆ ಇಳಿಯುತ್ತದೆ. ಆಯಿಲ್ ಮಟ್ಟ ಕಡಿಮೆಯಾಗುವ ಬದಲು ಮೇಲೇರಿದ್ದರೆ ಕಿಲೋಮೀಟರ್ ನೋಡದೆ ಆಯಿಲ್ ಬದಲಿಸಿ. ಹಾಕುವುದು ಕಡಿಮೆ ಬೂದಿಯ ದರ್ಜೆಯದೇ ಆಗಿರಲಿ: ಫೋಕ್ಸ್‌ವ್ಯಾಗನ್, ಸ್ಕೋಡಾಗೆ 507 00, ಬಿಎಂಡಬ್ಲ್ಯುಗೆ ಲಾಂಗ್‌ಲೈಫ್-04 ಅಥವಾ ಕೈಪಿಡಿಯಲ್ಲಿ ಹೇಳಿದ್ದು. ಮಸಿ ಸುಡುತ್ತದೆ, ಆಯಿಲ್‌ನ ಬೂದಿ ಸುಡುವುದಿಲ್ಲ, ಫಿಲ್ಟರಿನಲ್ಲೇ ಕೂರುತ್ತದೆ.

ಈ ಓಡಾಟಕ್ಕೆ 1.5 ಟಿಎಸ್‌ಐ ವರ್ಟಸ್ ಅಥವಾ ವೆರ್ನಾ ಟರ್ಬೊ ಪೆಟ್ರೋಲ್ ಸಾಕೋ ಸಾಕು. ಮೊದಲಿನದಕ್ಕೆ 150 ಪಿಎಸ್, ಎರಡನೆಯದಕ್ಕೆ 160, ಎರಡಕ್ಕೂ 250ರ ಆಸುಪಾಸಿನ ಟಾರ್ಕ್. ಹಳೇ ವೆರ್ನಾ 1.6 ಡೀಸೆಲ್ ಕೊಡುತ್ತಿದ್ದ 260ಕ್ಕೆ ಇದೇನೂ ದೂರವಿಲ್ಲ.

ದೆಹಲಿಯಲ್ಲಿ ಒಂಬತ್ತು ವರ್ಷದ ಡೀಸೆಲ್ ಲಕ್ಸುರಿ ಕಾರುಗಳು ತುಂಬ ಅಗ್ಗ. ತರಿಸಬಹುದೇ? — ಬೆಳಗಾವಿ

ಹತ್ತು ವರ್ಷ ದಾಟಿದ ಡೀಸೆಲ್ ಕಾರು ದೆಹಲಿ ವಲಯದಲ್ಲಿ ಓಡಬಾರದು ಎಂದು ಹಸಿರು ನ್ಯಾಯಮಂಡಳಿ 2015ರಲ್ಲಿ ಹೇಳಿದ್ದೇ ಆ ಅಗ್ಗದ ಮೂಲ. ತರಿಸಬಹುದು. ಅಲ್ಲಿನ ಆರ್‌ಟಿಒದಿಂದ ಎನ್‌ಒಸಿ, ಸಾಲ ತೀರಿದ ಪತ್ರ, ಇಲ್ಲಿ ಮರುನೋಂದಣಿ, ಕಾರಿನ ವಯಸ್ಸಿಗೆ ತಕ್ಕ ಲೈಫ್‌ಟೈಮ್ ಟ್ಯಾಕ್ಸ್ ಎಲ್ಲವನ್ನೂ ಬೆಲೆಗೆ ಸೇರಿಸಿ ನೋಡಿ. ಅಗ್ಗ ಅರ್ಧ ಕರಗಿರುತ್ತದೆ.

1.8 ಟಿಎಸ್‌ಐಗೆ ರೀಮ್ಯಾಪ್ ಮಾಡಿಸಿದರೆ ಟಿಡಿಐ ಥರ ಎಳೆಯುತ್ತಾ? — ಹುಬ್ಬಳ್ಳಿ

ರೀಮ್ಯಾಪ್ ಅಂದರೆ ಇಂಜಿನ್ ಕಂಪ್ಯೂಟರಿನ ಸಾಫ್ಟ್‌ವೇರ್ ಬದಲಿಸುವುದು. ಎಳೆಯುತ್ತದೆ, ಗೇರ್‌ಬಾಕ್ಸ್ ಬಾಳುವವರೆಗೆ. ಆ ಇಂಜಿನ್ 320 ಎನ್‌ಎಂ ಕೊಡಬಲ್ಲದು, ಯುರೋಪಿನ ಕೆಲವು ಮಾದರಿಗಳಲ್ಲಿ ಕಂಪನಿಯೇ ಕೊಟ್ಟಿದೆ. ನಮ್ಮಲ್ಲಿ 250ಕ್ಕೆ ಕಟ್ಟಿಹಾಕಿದ್ದು ಏಳು ಗೇರಿನ ಡ್ರೈ ಕ್ಲಚ್ (ಆಯಿಲ್‌ನಲ್ಲಿ ಮುಳುಗಿರದ ಕ್ಲಚ್) ಡಿಎಸ್‌ಜಿ ತಡೆಯುವುದೇ ಅಷ್ಟು ಎಂಬ ಕಾರಣಕ್ಕೆ. ರೀಮ್ಯಾಪ್ ಮಾಡಿಸಲೇಬೇಕೆಂದರೆ 2,500ರ ಕೆಳಗೆ ಟಾರ್ಕ್ ಮುಟ್ಟದೆ, ಮೇಲ್ಭಾಗದಲ್ಲಿ ಮಾತ್ರ ಪವರ್ ಏರಿಸುವಂತೆ ಕೇಳಿ. ಕ್ಲಚ್ಚನ್ನು ಕೊಲ್ಲುವುದು ಕೆಳ ಆರ್‌ಪಿಎಂನ ಟಾರ್ಕ್. ಇನ್ಶೂರೆನ್ಸ್ ಕಂಪನಿಗೆ ತಿಳಿಸದೆ ಮಾಡಿಸಿದರೆ ಕ್ಲೇಮ್ ಹೊತ್ತಿನಲ್ಲಿ ತಕರಾರು ಬರಬಹುದು. ಡೀಸೆಲ್‌ನವರಿಗೆ "ಡಿಪಿಎಫ್ ತೆಗೆದುಬಿಡೋಣ" ಎನ್ನುವ ಅಂಗಡಿಗಳಿವೆ, ಅದು ಕಾನೂನಿಗೆ ವಿರುದ್ಧ.

ಡೀಸೆಲ್ ಕಾರು ನಿಜವಾದ ರೇಸ್ ಗೆದ್ದಿದೆಯೇ? — ಶಿವಮೊಗ್ಗ

ಗೆದ್ದಿದೆ. 1998ರಲ್ಲಿ ನ್ಯೂರ್ಬರ್ಗ್‌ರಿಂಗ್‌ನ 24 ಗಂಟೆ ರೇಸನ್ನು ಬಿಎಂಡಬ್ಲ್ಯು 320ಡಿ, 2006ರಲ್ಲಿ ಲೆ ಮಾನ್ಸ್ 24 ಗಂಟೆ ರೇಸನ್ನು 5.5 ಲೀಟರ್ ವಿ12 ಡೀಸೆಲ್‌ನ ಆಡಿ ಆರ್10 ಟಿಡಿಐ. ದೀರ್ಘ ರೇಸಿನಲ್ಲಿ ಒಂದು ಟ್ಯಾಂಕಿಗೆ ಹೆಚ್ಚು ಸುತ್ತು ಓಡುವುದೇ ದೊಡ್ಡ ಲಾಭ. ಲೀಟರ್ ಡೀಸೆಲ್‌ನಲ್ಲಿ ಪೆಟ್ರೋಲಿಗಿಂತ ಹತ್ತು ಪ್ರತಿಶತಕ್ಕೂ ಮಿಕ್ಕಿ ಶಕ್ತಿಯಿದೆ, ಅದನ್ನು ಇಂಜಿನ್ ಉಳಿತಾಯವಾಗಿಯೂ ಬಳಸುತ್ತದೆ.

ಘಾಟಿ ಹತ್ತಿ ಟೀ ಕುಡಿಯಲು ನಿಲ್ಲಿಸಿದಾಗ ಇಂಜಿನ್ ತಕ್ಷಣ ಆಫ್ ಮಾಡಬಾರದು ಅಂತಾರಲ್ಲ? — ಚಿಕ್ಕಮಗಳೂರು

ಜೋರಾಗಿ ಎಳೆಸಿಕೊಂಡು ಬಂದಿದ್ದರೆ ಹೌದು. ಕೊನೆಯ ಒಂದೆರಡು ಕಿಲೋಮೀಟರ್ ನಿಧಾನವಾಗಿ ಬಂದಿದ್ದರೆ ಅರ್ಧ ನಿಮಿಷ ಸಾಕು, ಇಲ್ಲದಿದ್ದರೆ ಒಂದು ನಿಮಿಷ ಐಡ್ಲಿಂಗ್‌ನಲ್ಲಿ ಬಿಡಿ. ಇಂಜಿನ್ ನಿಂತರೆ ಟರ್ಬೊ ಬೇರಿಂಗಿಗೆ ಆಯಿಲ್ ಹರಿಯುವುದು ನಿಲ್ಲುತ್ತದೆ, ಒಳಗೆ ನಿಂತ ಆಯಿಲ್ ಸುಟ್ಟು ಕರಿ ಕಟ್ಟುತ್ತದೆ. ಪೆಟ್ರೋಲ್ ಟರ್ಬೊದವರೇ ಇದನ್ನು ಹೆಚ್ಚು ಪಾಲಿಸಬೇಕು, ಅವರ ಹೊಗೆ ಡೀಸೆಲ್‌ನದಕ್ಕಿಂತ ಇನ್ನೂರು ಡಿಗ್ರಿಯಷ್ಟು ಹೆಚ್ಚು ಬಿಸಿಯಿರಬಹುದು. ಸ್ಟಾರ್ಟ್-ಸ್ಟಾಪ್ (ಕಾರು ನಿಂತೊಡನೆ ಇಂಜಿನ್ ತಾನೇ ಆಫ್ ಆಗುವ ವ್ಯವಸ್ಥೆ) ಇರುವ ಕಾರಾದರೆ ಘಾಟಿ ಶುರುವಾಗುವ ಮುಂಚೆಯೇ ಆ ಬಟನ್ ಆಫ್ ಮಾಡಿಡಿ.