ವೈರಲ್ ಲೋಡ್ ಕಂಟ್ರೋಲಲ್ಲಿದೆ, ಮತ್ತೆ ಹಾರ್ಟಿಗ್ಯಾಕೆ ಮಾತ್ರೆ?

ಪ್ರಶ್ನೆ: ನಂಗೆ 46 ವರ್ಷ. ಎಚ್‌ಐವಿಗೆ ಒಂಬತ್ತು ವರ್ಷದಿಂದ ತಪ್ಪದೆ ಮಾತ್ರೆ ತಗೋತಿದೀನಿ, ಟೆಸ್ಟಲ್ಲಿ ವೈರಸ್ ಕಾಣಿಸ್ತಾನೇ ಇಲ್ಲ. ಡೊಲುಟೆಗ್ರಾವಿರ್ ಅನ್ನೋ ಎಚ್‌ಐವಿ ಮಾತ್ರೆಗೆ ಬದಲಾಯಿಸಿದ ಮೇಲೆ ಹೊಟ್ಟೆ ಬಂದಿದೆ, ಶುಗರ್ ಬಾರ್ಡರಲ್ಲಿದೆಯಂತೆ. ಕೊಲೆಸ್ಟ್ರಾಲ್ ಅಷ್ಟೇನಿಲ್ಲ, ಆದ್ರೂ ಕೊಲೆಸ್ಟ್ರಾಲ್ ಇಳಿಸೋ ಸ್ಟ್ಯಾಟಿನ್ ಮಾತ್ರೆ ಬರೆದಿದಾರೆ. ಯಾಕೆ ಡಾಕ್ಟ್ರೇ? ಎಚ್‌ಐವಿ ಮಾತ್ರೇನೇ ಸ್ವಲ್ಪ ದಿನ ನಿಲ್ಲಿಸಿದ್ರೆ ತೂಕ ಇಳಿಯಲ್ವಾ?

ಉತ್ತರ: ಕೊನೇ ಪ್ರಶ್ನೆಗೆ ಮೊದ್ಲು ಉತ್ತರ ಹೇಳ್ಬಿಡ್ತೀನಿ, ದಯವಿಟ್ಟು ನಿಲ್ಲಿಸ್ಬೇಡಿ. 2006ರಲ್ಲಿ ಸ್ಮಾರ್ಟ್ ಅನ್ನೋ ದೊಡ್ಡ ಅಧ್ಯಯನ ಬಂತು, ಅದ್ರಲ್ಲಿ ಸಿಡಿ4 (ರೋಗನಿರೋಧಕ ಕಣಗಳ ಲೆಕ್ಕ) ನೋಡ್ಕೊಂಡು ಮಾತ್ರೆ ಬಿಟ್ಟು ಬಿಟ್ಟು ತಗೊಂಡವರಿಗೆ ಸಾವಿನ ಅಪಾಯಾನೂ ಜಾಸ್ತಿ ಆಯ್ತು, ಹಾರ್ಟು ಕಿಡ್ನಿ ಲಿವರ್ ತೊಂದ್ರೆನೂ ಜಾಸ್ತಿ ಆಯ್ತು.

ವೈರಸ್ ಟೆಸ್ಟಲ್ಲಿ ಕಾಣದಿದ್ರೂ ಮೈಯಿಂದ ಪೂರ್ತಿ ಹೋಗಿರಲ್ಲ, ಹಂಗಾಗಿ ರೋಗನಿರೋಧಕ ವ್ಯವಸ್ಥೆ ವರ್ಷಗಟ್ಟಲೆ ಸಣ್ಣಗೆ ಕೆರಳಿಕೊಂಡೇ ಇರುತ್ತೆ, ಆ ಉರಿಯೂತದಿಂದ ರಕ್ತನಾಳದ ಒಳಪದರ ಹಾಳಾಗಿ ಕೊಬ್ಬು ಕೂರೋಕೆ ಶುರುವಾಗುತ್ತೆ, ಕೊಲೆಸ್ಟ್ರಾಲ್ ರಿಪೋರ್ಟು ಚೆನ್ನಾಗಿದ್ದವರಿಗೂ ಇದಾಗ್ಬೋದು. ನಿಮ್ಮ ಡಾಕ್ಟ್ರು ಸ್ಟ್ಯಾಟಿನ್ ಬರೆದಿರೋದು ಇದಕ್ಕೇ, ಸರಿಯಾಗೇ ಬರೆದಿದಾರೆ. 2023ರಲ್ಲಿ ರಿಪ್ರೀವ್ ಅಧ್ಯಯನದ ಫಲಿತಾಂಶ ಬಂತಲ್ಲ, 40ರಿಂದ 75 ವರ್ಷದ, ಹಾರ್ಟ್ ರಿಸ್ಕ್ ಅಂಥಾದ್ದೇನಿಲ್ಲ ಅನ್ನಿಸಿಕೊಂಡಿದ್ದ 7,769 ಎಚ್‌ಐವಿ ಇರೋರು ಅದ್ರಲ್ಲಿದ್ರು. ದಿನಾ 4 ಮಿಲಿಗ್ರಾಂ ಪಿಟವಾಸ್ಟ್ಯಾಟಿನ್ ಅನ್ನೋ ಸ್ಟ್ಯಾಟಿನ್ ತಗೊಂಡವರಲ್ಲಿ ಹಾರ್ಟ್ ಅಟ್ಯಾಕ್, ಸ್ಟ್ರೋಕ್ ಥರದ ದೊಡ್ಡ ತೊಂದ್ರೆಗಳು 35% ಕಮ್ಮಿ ಆದ್ವು. ನಂಗಂತೂ ಇದು ತುಂಬಾ ಖುಷಿ ಕೊಟ್ಟ ಸುದ್ದಿ.

ಒಂದು ಮಾತು ಮುಚ್ಚಿಡಲ್ಲ, ಸ್ಟ್ಯಾಟಿನ್ ತಗೊಂಡವರಲ್ಲಿ ಡಯಾಬಿಟಿಸ್ ಸ್ವಲ್ಪ ಜಾಸ್ತಿ ಕಂಡಿತ್ತು. ನಿಮ್ಮ ಶುಗರ್ ಬಾರ್ಡರಲ್ಲಿರೋದ್ರಿಂದ ಆಗಾಗ ಚೆಕ್ ಮಾಡಿಸ್ತಿರಿ, ಆದ್ರೂ ಲಾಭದ ಕಡೆಯೇ ತೂಕ ಜಾಸ್ತಿ. ಎಚ್‌ಐವಿ ಇರೋರಲ್ಲಿ ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಶುಗರ್ ಟೆಸ್ಟ್) ಕೆಲವು ಸಲ ನಿಜವಾದ ಶುಗರ್‌ಗಿಂತ ಕಮ್ಮಿ ತೋರಿಸುತ್ತೆ, ಅದಕ್ಕೆ ಬರಿಹೊಟ್ಟೆ ಶುಗರ್ ಟೆಸ್ಟೂ ಮಾಡಿಸಿ. ಮುಂದೆ ಶುಗರ್‌ಗೆ ಮೆಟ್‌ಫಾರ್ಮಿನ್ ಮಾತ್ರೆ ಬರೆದ್ರೆ ಡೊಲುಟೆಗ್ರಾವಿರ್ ತಗೋತಿರೋದನ್ನ ಹೇಳೋದು ಮರೀಬೇಡಿ, ಅದು ಮೆಟ್‌ಫಾರ್ಮಿನ್ ಮಟ್ಟವನ್ನ ರಕ್ತದಲ್ಲಿ ಏರಿಸುತ್ತೆ, ಅದಕ್ಕೇ ಮೆಟ್‌ಫಾರ್ಮಿನ್ ಸಾಮಾನ್ಯವಾಗಿ ದಿನಕ್ಕೆ 1,000 ಮಿಲಿಗ್ರಾಂ ದಾಟಿಸಲ್ಲ.

ಸ್ಟ್ಯಾಟಿನಲ್ಲೂ ಎಲ್ಲಾ ಒಂದೇ ಅಲ್ಲ. ರಿಟೊನಾವಿರ್ ಅಥವಾ ಕೊಬಿಸಿಸ್ಟಾಟ್ ಇರೋ ಎಚ್‌ಐವಿ ಮಾತ್ರೆ ತಗೋಳೋರು ಸಿಮ್ವಾಸ್ಟ್ಯಾಟಿನ್, ಲೋವಾಸ್ಟ್ಯಾಟಿನ್ ಮುಟ್ಟಲೇಬಾರದು, ಸ್ನಾಯುಗಳಿಗೆ ಗಂಭೀರ ಹಾನಿ ಆಗ್ಬೋದು. ನೀವು ಯಾವ ಸ್ಟ್ಯಾಟಿನ್ ತಗೊಂಡ್ರೂ ಮೈಕೈ ವಿಪರೀತ ನೋವು, ಕಪ್ಪು ಮೂತ್ರ ಬಂದ್ರೆ ಅವತ್ತೇ ಡಾಕ್ಟ್ರಿಗೆ ತೋರಿಸಿ. ಹೊಟ್ಟೆ ಕರಗಿಸೋಕೆ ನಡಿಗೆ, ಊಟದ ಹಿಡಿತ ಬೇಕೇ ಬೇಕು, ಬಿಪಿನೂ ನೋಡಿಸಿ. ಸಿಗರೇಟ್ ಸೇದ್ತೀರೋ ಇಲ್ವೋ ಬರೆದಿಲ್ಲ ನೀವು, ಸೇದ್ತಿದ್ರೆ ಮೊದ್ಲು ಅದನ್ನ ಬಿಡಿ.